ಗ್ರೀಕ್ ಪ್ರಹಸನದ ಅರ್ಥವಾಗದ ಮಾತು

ಹಿಂದೂ ಮಹಾಸಾಗರದ ದಂಡೆಯಲ್ಲಿ ಚಂದ್ರದೇವತೆಯ ಒಂದು ಗುಡಿ. ಅಲ್ಲಿ ಸೆರೆಯಾಗಿರುವ ಗ್ರೀಕ್ ಹುಡುಗಿ ಖಾರಿತಿಯೋನ್. ಅವಳನ್ನು ಬಿಡಿಸಿಕೊಂಡು ಹೋಗಲು ಸೋದರ ಹಡಗಿನಲ್ಲಿ ಬಂದಿದ್ದಾನೆ. ಜೊತೆಗೊಬ್ಬ ಹಾಸ್ಯಗಾರ. ಅವನ ಆಯುಧ ಕತ್ತಿಯಲ್ಲ, ಹೂಸು! ಭಾರತೀಯರು ಮೇಲೇರಿ ಬಂದರೆ ಅದನ್ನೇ ಪ್ರಯೋಗಿಸಿ ಓಡಿಸುತ್ತಾನೆ. ಕೊನೆಗೆ ಗ್ರೀಕರು ಆ ನಾಡಿನ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅಮಲೇರಿದ ರಾಜನನ್ನು ಕಟ್ಟಿಹಾಕಿ, ಹುಡುಗಿಯೊಂದಿಗೆ ಪಾರಾಗುತ್ತಾರೆ. ಹೊರಡುವ ಗಡಿಬಿಡಿಯಲ್ಲೂ ಹಾಸ್ಯಗಾರನಿಗೆ ದೇವಿಯ ಕಾಣಿಕೆಗಳ ಮೇಲೆ ಕಣ್ಣು. ದೇವರ ಸೊತ್ತು ಮುಟ್ಟಬಾರದೆಂದು ಖಾರಿತಿಯೋನ್ ತಡೆಯುತ್ತಾಳೆ.

ಬರೆದವರ ಹೆಸರು ಉಳಿಯದ ಈ ಪ್ರಹಸನ ಸಿಕ್ಕಿದ್ದು ಈಜಿಪ್ಟಿನ ತಿಪ್ಪೆಯಲ್ಲಿ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದ ಆಕ್ಸಿರಿಂಕಸ್ ಪಟ್ಟಣದವರು ಶತಮಾನಗಳ ಕಾಲ ಊರಾಚೆ ಸುರಿದ ಕಸವನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು 1896ರ ಚಳಿಗಾಲದಲ್ಲಿ ಅಗೆಯತೊಡಗಿದರು. ಮಳೆಯೇ ಕಾಣದ ಮರಳಿನಲ್ಲಿ ಪಪೈರಸ್ ಹಾಳೆಗಳು ಕೊಳೆಯದೆ ಉಳಿದಿದ್ದವು. ಈ ಪಪೈರಸ್ಸುಗಳ ಮಾಲೆಯಲ್ಲಿ 1903ರಲ್ಲಿ ಪ್ರಕಟವಾದ ಮೂರನೆಯ ಸಂಪುಟದಲ್ಲಿ ಈ ಪ್ರಹಸನದ ಸಂಖ್ಯೆ 413. ಕೈಬರಹ ಕ್ರಿ.ಶ. 2ನೇ ಶತಮಾನದ್ದು. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತಿನ ಲಿಪಿ ಗ್ರೀಕ್, ಭಾಷೆ ಮಾತ್ರ ಗ್ರೀಕ್ ಅಲ್ಲ.

ಹಾಗಾದರೆ ಯಾವ ಭಾಷೆ? ಮದ್ರಾಸ್ ಸರ್ಕಾರದ ಶಾಸನತಜ್ಞರಾಗಿದ್ದ ಜರ್ಮನ್ ವಿದ್ವಾಂಸ ಹುಲ್ಷ್ 1904ರಲ್ಲಿ ‘ಕನ್ನಡ’ ಎಂದರು. ಅವರ ಕಿವಿಗೆ ‘ಕೊಂಚ’, ‘ಮಧು’, ‘ಪಾತ್ರ’ ಎಂಬ ಪದಗಳು ಕೇಳಿಸಿದ್ದವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿ ಮೈಸೂರು ಪುರಾತತ್ತ್ವ ಇಲಾಖೆಯ 1926ರ ವರದಿಯಲ್ಲಿ ಅದೇ ದಾರಿಯಲ್ಲಿ ಇನ್ನಷ್ಟು ಮಾತುಗಳನ್ನು ಬಿಡಿಸಿದರು. ಅದೇ ವರ್ಷ ಲಂಡನ್ನಿನ ಎಲ್.ಡಿ. ಬಾರ್ನೆಟ್ ಈ ವಾದವನ್ನು ಒಪ್ಪಲಾಗದೆಂದು ಬರೆದರು. ಮಂಜೇಶ್ವರದ ಗೋವಿಂದ ಪೈ ಅವರೂ ಈ ಪ್ರಶ್ನೆಗೆ ಕೈಹಾಕಿದರು. ಇತಿಹಾಸಕಾರ ಭಾಸ್ಕರ ಆನಂದ ಸಾಲೆತೊರೆ ಕಥೆಯ ಬಂದರನ್ನು ಕಾರವಾರಕ್ಕೂ ಮಂಗಳೂರಿಗೂ ನಡುವೆ ಹುಡುಕಿದರು. ಒಂದು ಕಡೆ ಬರುವ ‘ಮಾಲ್ಪಿನಿಯಾಕ್’ ಎಂಬ ಉಲಿಯಲ್ಲಿ ಮಲ್ಪೆಯ ನಾಯಕನನ್ನು ಕಂಡವರಿದ್ದಾರೆ. ಮುಂದೆ 1980ರ ದಶಕದಲ್ಲಿ ಇದು ತುಳು ಎಂಬ ವಾದವೂ ಬಂತು.

ಉತ್ಸಾಹಕ್ಕೆ ಕಾರಣವಿತ್ತು. ಕನ್ನಡದ ಅತಿ ಹಳೆಯ ಶಾಸನವೆಂದು ಹೆಸರಾದ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಪಪೈರಸ್ಸಿನಲ್ಲಿರುವುದು ಕನ್ನಡವೇ ಆದರೆ ಅದಕ್ಕಿಂತ ಇನ್ನೂರೈವತ್ತು ವರ್ಷಕ್ಕೂ ಹಳೆಯ ಕನ್ನಡ ವಾಕ್ಯ ಕೈಗೆ ಸಿಕ್ಕಂತೆ. ತೊಡಕೂ ಅಷ್ಟೇ ದೊಡ್ಡದು. ‘ಮಧು’ ಬೇಕೆಂದರೆ ಹಾಳೆಯಲ್ಲಿರುವ ‘ದಮುನ್’ ಅನ್ನು ಹಿಂದುಮುಂದಾಗಿಸಬೇಕು. ಆ ಮೇಲೂ ‘ಮಧು’, ‘ಪಾತ್ರ’ ಎರಡೂ ಸಂಸ್ಕೃತ ಪದಗಳು. ಭಾರತದ ಯಾವ ಕರಾವಳಿಯಲ್ಲಿ ಬೇಕಾದರೂ ಕೇಳಿಸಬಹುದಾದವು.

ಈ ಜಗ್ಗಾಟದಲ್ಲಿ ಪಪೈರಸ್ಸು ಭಾಷೆಯ ದಾಖಲೆಯಾಗಿ ಹೋಯಿತು. ಅದು ಮೊದಲಿಗೆ ನಾಟಕ. ಅನ್ಯರ ಮಾತನ್ನು ರಂಗಕ್ಕೆ ತರುವ ಗ್ರೀಕರ ಚಾಳಿ ಈ ಪ್ರಹಸನಕ್ಕಿಂತ ಬಹಳ ಹಳೆಯದು.

ಅಥೆನ್ಸಿನಲ್ಲಿ ನಾಟಕವೆಂದರೆ ಮುಖ್ಯವಾಗಿ ವಸಂತಕಾಲದ ಡಯೋನೈಸಸ್ ದೇವರ ಉತ್ಸವ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಜನ ಕೂರುತ್ತಿದ್ದರು. ಕೆಳಗಿನ ಬಯಲಲ್ಲಿ ಮೇಳ ಹಾಡಿ ಕುಣಿಯುತ್ತಿತ್ತು. ನಮ್ಮ ಬಯಲಾಟದವರು ರಾತ್ರಿ ಬೆಳಗು ಮಾಡಿದರೆ ಅವರದು ಹಗಲಿನ ಆಟ. ನಟರೆಲ್ಲ ಗಂಡಸರು, ಮುಖಕ್ಕೆ ಮುಖವಾಡ. ರುದ್ರನಾಟಕದ ಸ್ಪರ್ಧೆಗಿಳಿದ ಪ್ರತಿ ಕವಿಯೂ ಮೂರು ರುದ್ರನಾಟಕ ಮತ್ತು ಒಂದು ತುಂಟ ಸ್ಯಾಟಿರ್ ನಾಟಕವನ್ನು ಆಡಿಸಬೇಕಿತ್ತು. ನಮಗೆ ಪೂರ್ತಿಯಾಗಿ ಉಳಿದು ಬಂದ ಗ್ರೀಕ್ ನಾಟಕಗಳಲ್ಲಿ ಅತಿ ಹಳೆಯದು ಕ್ರಿ.ಪೂ. 472ರಲ್ಲಿ ಎಸ್ಕಿಲಸ್ ಆಡಿಸಿದ್ದು. ಬಿ.ಎಂ. ಶ್ರೀಕಂಠಯ್ಯ 1935ರಲ್ಲಿ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದದ್ದು ಇದನ್ನೇ. ಅದರಲ್ಲಿ ಸೋತ ಶತ್ರುವಿನ ಅರಮನೆಯ ಗೋಳಿದೆ. ಪರ್ಷಿಯನ್ನರು ಅಲ್ಲಿ ಅಳುವುದು ಘನವಾದ ಗ್ರೀಕ್ ಪದ್ಯದಲ್ಲಿ.

ಹಾಸ್ಯನಾಟಕಕ್ಕೆ ಆ ಮರ್ಯಾದೆಯ ಗೊಡವೆ ಇರಲಿಲ್ಲ. ಕ್ರಿ.ಪೂ. 425ರ ‘ಅಕಾರ್ನಿಯನ್ನರು’ ನಾಟಕದಲ್ಲಿ ಅರಿಸ್ಟೋಫೇನಿಸ್ ಪರ್ಷಿಯಾದ ರಾಯಭಾರಿಯೊಬ್ಬನ ಬಾಯಲ್ಲಿ ತಲೆಬುಡವಿಲ್ಲದ ಒಂದು ಸಾಲು ಹೇಳಿಸಿದ. ಅದರಲ್ಲಿ ನಿಜವಾದ ಪರ್ಷಿಯನ್ ಇದೆಯೇ ಎಂದು ವಿದ್ವಾಂಸರು ಇಂದಿಗೂ ತಡಕುತ್ತಾರೆ. ಆದರೆ ರೋಮಿನ ಪ್ಲಾಟಸ್ ತನ್ನ ಒಂದು ನಾಟಕದಲ್ಲಿ ಕಾರ್ಥೇಜಿನವನೊಬ್ಬನಿಂದ ಆಡಿಸಿದ್ದು ನಿಜವಾದ ಪ್ಯೂನಿಕ್ ಭಾಷೆ. ರಂಗದ ಮೇಲಿನ ಪರಭಾಷೆ ಬರೀ ಬಡಬಡಿಕೆಯೂ ಆಗಬಹುದು, ಬಂದರಿನಲ್ಲಿ ಕಿವಿಗೆ ಬಿದ್ದ ಅಸಲಿ ಮಾತೂ ಆಗಬಹುದು.

ಖಾರಿತಿಯೋನ್ ಪ್ರಹಸನ ಹುಟ್ಟಿದ ಕಾಲಕ್ಕೆ ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹೊರಟ ಹಡಗುಗಳು ಮುಂಗಾರಿನ ಗಾಳಿ ಹಿಡಿದು ನಮ್ಮ ಪಶ್ಚಿಮ ಕರಾವಳಿಗೆ ಬಂದು ಮೆಣಸು ತುಂಬಿಕೊಂಡು ಮರಳುತ್ತಿದ್ದವು. ಆ ನಾವಿಕರ ನಾಲಿಗೆಗೆ ಇಲ್ಲಿಯ ನಾಲ್ಕು ಮಾತು ಹತ್ತಿರಲಾರದು ಎನ್ನುವಂತಿಲ್ಲ. ನಾಟಕಕಾರನೂ ಎರಡು ದೋಣಿಯಲ್ಲಿ ಕಾಲಿಟ್ಟಿದ್ದಾನೆ. ಭಾರತೀಯರು ಏನೋ ಹೇಳಿದಾಗ ಏನಂತೆ ಎಂಬ ಪ್ರಶ್ನೆ ಬರುತ್ತದೆ. ಪಾಲಿಗಾಗಿ ಚೀಟಿ ಎತ್ತೋಣ ಎನ್ನುತ್ತಿದ್ದಾರೆ ಎಂದು ಇನ್ನೊಬ್ಬ ಗ್ರೀಕಿನಲ್ಲಿ ಬಿಡಿಸಿ ಹೇಳುತ್ತಾನೆ. ಅದೇ ರಾಜ ಚಂದ್ರದೇವತೆಯನ್ನು ಸ್ತುತಿಸುವಾಗ ಮಾತ್ರ ಸಲೀಸಾಗಿ ಗ್ರೀಕ್ ಹಾಡುತ್ತಾನೆ!

ಕಥೆಯೂ ಎರವಲು. ದೂರದೇಶದ ಗುಡಿಯಲ್ಲಿ ಸಿಕ್ಕಿಕೊಂಡ ಅಕ್ಕ, ಹಡಗಿನಲ್ಲಿ ಬರುವ ತಮ್ಮ ಎಂಬುದು ಯುರಿಪಿಡಿಸನ ಇಫಿಜಿನೈಯಾ ನಾಟಕದ್ದು. ದ್ರಾಕ್ಷಾರಸ ಕುಡಿಸಿ ಪಾರಾಗುವ ಉಪಾಯ ಅವನದೇ ‘ಸೈಕ್ಲಾಪ್ಸ್’ ಎಂಬ ಸ್ಯಾಟಿರ್ ನಾಟಕದಲ್ಲಿದೆ. ಐದಾರು ಶತಮಾನ ಹಳೆಯ ಗಂಭೀರ ಕಥೆಯನ್ನು ಮೈಮ್ ಎಂಬ ಇಂಥ ಪ್ರಹಸನ ಆಡುವ ತಂಡದವರು ನಗೆಗೆ ತಿರುಗಿಸಿದ್ದರು. ಈ ತಂಡಗಳಲ್ಲಿ ಮುಖವಾಡವಿಲ್ಲ, ಹೆಂಗಸರೂ ಅಭಿನಯಿಸುತ್ತಿದ್ದರು.

ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಆ ಹಾಳೆ ಓದುಗರಿಗೆಂದು ಬರೆದದ್ದಲ್ಲ, ಆಟಕ್ಕೆ ಬೇಕಾದ ಪ್ರತಿ. ಹೆಚ್ಚಿನ ಪಾತ್ರಗಳಿಗೆ ಹೆಸರಿನ ಬದಲು ಒಂದೊಂದು ಅಕ್ಷರ. ಒಂದೆರಡು ಸಂಭಾಷಣೆಗಳನ್ನು ಹಿಂಬದಿಯಲ್ಲಿ ತಿದ್ದಿ ಮತ್ತೆ ಬರೆಯಲಾಗಿದೆ. ಅರ್ಥವಾಗದ ಮಾತುಗಳ ನಡುನಡುವೆ ಚಿಕ್ಕ ಗುರುತುಗಳಿವೆ: ಇಲ್ಲಿ ಡೋಲು ಬಡಿಯಬೇಕು, ಇಲ್ಲಿ ತಾಳ ಹಾಕಬೇಕು, ಇಲ್ಲಿ ಹಾಸ್ಯಗಾರ ಹೂಸು ಬಿಡಬೇಕು.