ಮೀನಿನೊಡನೆ ಬಂದ ಪರೋಪಜೀವಿ: ದಾವಣಗೆರೆ–ಹರಿಹರ ಪ್ರಾಂತದ ಒಂದು ವಿಚಾರ

ವಲಸೆಯೆಂದೊಡನೆ ಚರಿತ್ರಕಾರನು ಮನುಷ್ಯರ ವಲಸೆಯನ್ನೇ ನೆನೆಯುವುದು ವಾಡಿಕೆ. ಆದರೆ ದಾವಣಗೆರೆ, ಹರಿಹರಗಳ ಸಂತೆಗೆ ಬರುವ ಕಟ್ಲಾ, ರೋಹು ಮೀನುಗಳು ಮೂಲತಃ ಗಂಗಾ ಬಯಲಿನವು. ಸಾಮಾನ್ಯ ಗೆಂಡೆಯಾದರೋ ಪರದೇಶದ್ದು. ಇಂಥ ಮೀನುಗಳ ಆಗಮನಕಾಲವು ನಮಗೆ ಸಾಕಷ್ಟು ನಿಷ್ಕೃಷ್ಟವಾಗಿ ತಿಳಿದಿದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಬೆಂಗಳೂರಿಗೆ ತರಲಾಯಿತು. ಗೆಂಡೆಯು 1939ರಲ್ಲಿ ಸಿಂಹಳದಿಂದ ನೀಲಗಿರಿಗೂ, ಅದರ ಬ್ಯಾಂಕಾಕ್ ತಳಿಯು 1957ರಲ್ಲಿ ಕಟಕಕ್ಕೂ ಬಂದವು. 1959ರಲ್ಲಿ ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳೂ ಕಟಕವನ್ನೇ ಸೇರಿದವು. ಮೀನಿಗೆ ಹೀಗೆ ವರ್ಷವುಂಟು, ತವರುಂಟು. ಅದರ ಕಿವಿರಿಗೆ ಅಂಟಿ ಬಂದ ಜೀವಿಗೆ ಇವೆರಡೂ ಇಲ್ಲ.

ಲರ್ನಿಯಾ ಎಂಬುದನ್ನು ಉದಾಹರಣೆಯಾಗಿ ನೋಡಬಹುದು. ಇದನ್ನು ಲಂಗರು ಹುಳುವೆನ್ನುವರಾದರೂ ಇದು ಹುಳುವಲ್ಲ, ಸೀಗಡಿಯ ದೂರದ ಬಂಧು. ಹೆಣ್ಣು ತನ್ನ ತಲೆಯನ್ನು ಮೀನಿನ ಮಾಂಸದೊಳಗೆ ಲಂಗರಿನಂತೆ ನೆಟ್ಟು, ಎರಡು ಮೊಟ್ಟೆಚೀಲಗಳನ್ನು ಹೊರಗೆ ಇಳಿಬಿಡುತ್ತದೆ. ಮೊಟ್ಟೆಯೊಡೆದ ಮರಿಗಳು ಕೆಲಕಾಲ ನೀರಿನಲ್ಲಿ ಈಜಾಡಿ ಅನಂತರ ಮತ್ತೊಂದು ಮೀನಿನ ಕಿವಿರನ್ನು ಹಿಡಿಯುತ್ತವೆ. ಮೀನುಮರಿಗಳನ್ನು ಎಣಿಸಿ ಕಳುಹಿಸುವವನ ಬರಿಗಣ್ಣಿಗೆ ಅವು ಬೀಳುವ ಸಂಭವ ಕಡಿಮೆ. ಮರಿಮೀನು ಸಾಯುವುದು, ಬೆಳೆದ ಮೀನು ಗಾಯಗೊಂಡು ಬೆಲೆ ಕಳೆದುಕೊಳ್ಳುವುದು ಇದರ ಫಲ.

ಲಿನೇಯಸ್ಸನು 1758ರಲ್ಲಿ ಹೆಸರಿಸಿದ ಇದರ ಒಂದು ಪ್ರಭೇದವು ಗೆಂಡೆ ಮತ್ತು ಹೊಂಬಣ್ಣದ ಅಲಂಕಾರ ಮೀನುಗಳ ವ್ಯಾಪಾರದೊಡನೆ ಹಲವು ಖಂಡಗಳನ್ನು ಸುತ್ತಿದೆ. 1990ರ ದಶಕದಲ್ಲಿ ಭದ್ರಾ ಯೋಜನಾ ಪ್ರದೇಶದ ಸಾಕಣೆಯ ಗೆಂಡೆಗಳಲ್ಲಿ ಕಂಡ ಲರ್ನಿಯಾಕ್ಕೆ ಸಂಶೋಧಕರು ಭದ್ರೆಯ ಹೆಸರನ್ನೇ ಇಟ್ಟರು. ಇಲ್ಲಿ ಎಚ್ಚರಿಕೆ ಅವಶ್ಯ. ಇಂಥ ಹೆಸರು ಜೀವಿಯು ದೊರೆತ ಸ್ಥಳವನ್ನು ಸೂಚಿಸುವುದೇ ಹೊರತು ಅದರ ಮೂಲವನ್ನಲ್ಲ. ಶಾಸನವು ಸಿಕ್ಕಿದ ಊರನ್ನೇ ಅರಸನ ರಾಜಧಾನಿಯೆಂದು ಭ್ರಮಿಸುವ ವಿದ್ಯಾರ್ಥಿಗಳು ನಮ್ಮಲ್ಲಿ ಅಪರೂಪವಲ್ಲ!

ಭದ್ರಾ ಬಲದಂಡೆ ನಾಲೆಯು ದಾವಣಗೆರೆ, ಹರಿಹರ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುತ್ತದೆ. ಚನ್ನಗಿರಿ ತಾಲ್ಲೂಕಿನ ಪ್ರಾಚೀನವಾದ ಸೂಳೆಕೆರೆಗೂ ಭದ್ರೆಯ ನೀರು ಸೇರುತ್ತದೆ. ಅಣೆಕಟ್ಟಿಗೆ ಮುಂಚೆ ಮಳೆ, ಹಳ್ಳಗಳನ್ನೇ ನಂಬಿದ್ದ ಕೆರೆಗಳು ನಾಲೆಯಿಂದ ಒಂದಕ್ಕೊಂದು ಹೆಣೆದುಕೊಂಡವು. ಬಿತ್ತನೆಯ ಮೀನುಮರಿಗಳು ಹೊರಗಿನಿಂದ ಬರತೊಡಗಿದ ಮೇಲಂತೂ ಒಂದು ಕೊಳದ ರೋಗವು ಆ ಕೊಳದಲ್ಲೇ ನಿಲ್ಲಬೇಕಾದ ಕಾರಣವುಳಿಯಲಿಲ್ಲ. ಮೀನು ತಂದವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಹೊಸ ಮರಿಗಳನ್ನು ಕೆಲವು ವಾರ ಪ್ರತ್ಯೇಕವಾಗಿರಿಸಿ ಪರೀಕ್ಷಿಸದೆ ಕೆರೆಗೆ ಬಿಡುವುದನ್ನು ಮಾತ್ರ ಒಪ್ಪಲಾರೆ. ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹೊಳೆಯು ಹರಿಹರದ ಬಳಿಯಲ್ಲೇ ತುಂಗಭದ್ರೆಯನ್ನು ಕೂಡುತ್ತದೆ. ಕೆರೆಗೆ ಬಿಟ್ಟದ್ದು ಹೊಳೆಗೆ ಬರಲು ಬೇರೆ ದಾರಿ ಬೇಕಿಲ್ಲ.