ಅನ್ನದ ಅನಿಲ: ಒಂದು ಲೆಕ್ಕದ ಇತಿಹಾಸ

ನೀರು ನಿಂತ ಗದ್ದೆಯ ಕೆಸರಿನಲ್ಲಿಯೂ ಮೆಲುಕುಹಾಕುವ ಪಶುಗಳ ಹೊಟ್ಟೆಯಲ್ಲಿಯೂ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲಗಳಲ್ಲಿ ಇದು ಪ್ರಬಲವಾದುದು.

1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಹೊರಡುತ್ತದೆಂದು ಅಂದಾಜಿಸಿತ್ತು. 1991ರಲ್ಲಿ ವಿಜ್ಞಾನಿ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ಗದ್ದೆಗಳಲ್ಲಿಯೇ ಅಳೆದು ನೋಡಿದಾಗ ಅದು ಸುಮಾರು 40 ಲಕ್ಷ ಟನ್ ಮಾತ್ರವೆಂದು ತಿಳಿಯಿತು. ಬಡ ರೈತನ ಮೇಲಿನ ಆರೋಪದ ಬಹುಪಾಲು ಕಳಚಿಬಿದ್ದಿತು.

ಆದರೂ ಹೊಣೆ ತೀರಲಿಲ್ಲ. 1951ರಲ್ಲಿ 4.34 ಕೋಟಿಯಿದ್ದ ದೇಶದ ಎಮ್ಮೆಗಳು 2019ರ ಹೊತ್ತಿಗೆ ಸುಮಾರು 11 ಕೋಟಿಯಾದವು. 2016ರ ಲೆಕ್ಕದಂತೆ ದೇಶದ ಮೀಥೇನಿನಲ್ಲಿ ಶೇಕಡಾ 74ರಷ್ಟು ಕೃಷಿ ಮತ್ತು ಪಶುಪಾಲನೆಯದು. ಅನಂತರದ ಸ್ಥಾನ ತ್ಯಾಜ್ಯದ್ದು.

ಮೈಸೂರಿನ ಅಗ್ರಹಾರಕ್ಕೆ ದೂರವಲ್ಲದ ವಿದ್ಯಾರಣ್ಯಪುರಂನ ಸೀವೇಜ್ ಫಾರ್ಮ್‌ನಲ್ಲಿ ನಗರದ ಕಸ ದಶಕಗಳ ಕಾಲ ರಾಶಿಯಾಯಿತು. ಅಂತಹ ರಾಶಿಯೊಳಗೆ ಹುದುಗಿದ ಎಂಜಲನ್ನವೂ ಕೊಳೆತು ಇದೇ ಅನಿಲವಾಗುತ್ತದೆ. ಗದ್ದೆಯ ಮೀಥೇನಿನ ಹಿಂದೆ ಒಬ್ಬರ ಹಸಿವು ನೀಗಿದೆ. ಎಂಜಲಿನ ಮೀಥೇನಿನಿಂದ ಯಾರ ಹೊಟ್ಟೆಯೂ ತುಂಬಿಲ್ಲ. ಪ್ರಯೋಜನವಿಲ್ಲದ ಹಿಂಸೆಯನ್ನು ಅನರ್ಥದಂಡವೆಂದು ಕರೆದ ಶ್ರಾವಕಾಚಾರಕ್ಕೆ ಈ ಭೇದ ಅಪರಿಚಿತವಲ್ಲ.

ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷ. ಬಸದಿಯ ಭೋಜನಶಾಲೆಯಲ್ಲಿ ಇಂದು ಪಾಲಿಸಿದ ಮಿತಿಯ ಫಲವನ್ನು ಇಂದಿನ ಮಕ್ಕಳೇ ಕಾಣಬಲ್ಲರು.