ತಂತಿ ಎಳೆದು ಸ್ವರ ಕಟ್ಟುವವರ ಆಯ್ಕೆ

ಪರದೆಯ ಮೇಲೆ ಪೆಟ್ಟಿಗೆಗಳನ್ನಿಟ್ಟು, ಗೆರೆಗಳಿಂದ ಜೋಡಿಸಿ ಸ್ವಂತ ಸಿಂಥಸೈಜರ್ ಕಟ್ಟಹೊರಟವರು ಮೊದಲು ನಾದದ ಗುಣವನ್ನು ವಿಚಾರಿಸುತ್ತಾರೆ. ಕಟ್ಟಿದ್ದು ಎಷ್ಟು ಕಾಲ ನಮ್ಮ ಕೈಯಲ್ಲಿ ಉಳಿದೀತು ಎಂಬುದನ್ನು ಅದಕ್ಕೂ ಮೊದಲು ಕೇಳಬೇಕೆಂದು ಚರಿತ್ರೆ ಹೇಳುತ್ತದೆ. 1957ರಲ್ಲಿ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ ಸ್ವರ ಹೊರಡಿಸಿದರು. ಬಿಡಿ ಘಟಕಗಳನ್ನು ಹೆಣೆದು ವಾದ್ಯ ಮಾಡುವ ವಿಚಾರ ಅವರ ಮುಂದಿನ ಪ್ರೋಗ್ರಾಂಗಳಲ್ಲಿ ಬೆಳೆಯಿತು. 1960ರ ದಶಕದಲ್ಲಿ ಸಿಂಥಸೈಜರ್ ತಯಾರಕರಾದ ಮೂಗ್ ಮತ್ತು ಬುಕ್ಲಾ ಅಂಥದೇ ಜೋಡಣೆಯನ್ನು ನಿಜವಾದ ತಂತಿಗಳಲ್ಲಿ ಮಾಡಿದರು. 1980ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿ ಮಿಲ್ಲರ್ ಪಕೆಟ್ ಆ ತಂತಿಗಳನ್ನು ಪರದೆಗೆ ತಂದರು. ಮ್ಯಾಥ್ಯೂಸರ ಹೆಸರಿನಿಂದಲೇ ಆ ತಂತ್ರಾಂಶ ಮ್ಯಾಕ್ಸ್ ಎನಿಸಿಕೊಂಡಿತು. 1990ರಲ್ಲಿ ಅದನ್ನು ಮಾರಾಟಕ್ಕಿಟ್ಟ ಆಪ್‌ಕೋಡ್ ಕಂಪನಿ 1998ರಲ್ಲಿ ಗಿಟಾರ್ ತಯಾರಕ ಗಿಬ್ಸನ್ ಕಂಪನಿಯ ಕೈಸೇರಿ, ಬೇಗನೆ ಕೆಲಸ ನಿಲ್ಲಿಸಿತು. ಮ್ಯಾಕ್ಸ್ ಅನ್ನು ಬೆಳೆಸುತ್ತಿದ್ದ ಡೇವಿಡ್ ಜಿಕರೆಲ್ಲಿ ತಮ್ಮದೇ ಕಂಪನಿ ಕಟ್ಟಿ ಅದನ್ನು ಮುಂದುವರಿಸದಿದ್ದರೆ ಎಷ್ಟೋ ಸಂಗೀತಗಾರರ ದುಡಿಮೆ ಅನಾಥವಾಗುತ್ತಿತ್ತು.

ಪಕೆಟ್ 1996ರಲ್ಲಿ ಹೊರತಂದ, ಅಂಥದೇ ಜೋಡಣೆಯ ತಂತ್ರಾಂಶವಾದ ಪ್ಯೂರ್ ಡೇಟಾವನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು. ಅದರ ಮೂಲಸಂಕೇತ ಮುಕ್ತ, ಕಡತಗಳು ಸರಳ ಪಠ್ಯ. ಅದರ ಮುಖ ಒರಟು, ರಿಯಾಕ್ಟರ್ ಎಂಬ ಮಾರಾಟದ ತಂತ್ರಾಂಶದಲ್ಲಿ ಸಿದ್ಧ ಸಿಂಥಸೈಜರ್‌ಗಳೇ ರಾಶಿರಾಶಿ ಇವೆ ಎಂಬ ಆಕ್ಷೇಪ ನಿಜ. ನಾಳೆಯೇ ಕಛೇರಿಯಿದ್ದವರಿಗೆ ರಿಯಾಕ್ಟರೇ ಸರಿ. ಆದರೆ ಆಂದೋಲಕದಿಂದ ಫಿಲ್ಟರಿನವರೆಗೆ ತಾವೇ ಕಟ್ಟಿ ಕಲಿಯಬೇಕೆಂಬವರು ಪ್ಯೂರ್ ಡೇಟಾವನ್ನೇ ಹಿಡಿಯಬೇಕು: ಯಾವ ಕಂಪನಿ ಮುಚ್ಚಿದರೂ ಆ ಕಡತವನ್ನು ತೆರೆದು ಓದಬಹುದು.